ಎರಡನೇ ಗೆರೆಯ ಸುಣ್ಣದ ಬೊಟ್ಟು

ಒಂಬತ್ತನೇ ಕಂತು

"ಮೂಗು ಮುಚ್ಕೊಳ್ರಿ ಮೇಡಂ. ವಾಸನಿ ಇನ್ನೂ ಹೋಗಿಲ್ಲ," ಎಂದ ಹೆಡ್ ಕಾನ್‌ಸ್ಟೆಬಲ್ ಮುಷರ್ರಫ್.

ಸಬ್ ಇನ್‌ಸ್ಪೆಕ್ಟರ್ ವಿಶಾಖಾ ಮುಚ್ಚಿಕೊಳ್ಳಲಿಲ್ಲ. ಎರಡನೇ ಬಾಗಿಲ ಹೊಸ್ತಿಲ ಮೇಲೆ ನಿಂತು ಒಮ್ಮೆ ಉಸಿರೆಳೆದುಕೊಂಡಳು. ಕೊಳೆತ ಬೆಳ್ಳುಳ್ಳಿಯ ವಾಸನೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಇದೇ ಹೊಸ್ತಿಲು ದಾಟಿದ ಹಮಾಲ ಕೃಷ್ಣ ಮಧ್ಯಾಹ್ನದ ಹೊತ್ತಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಹೆಣವಾಗಿದ್ದ. ಬಾಗಿಲು ತೆಗೆಸಿದವನು ಅವನ ಹೆಂಡತಿಯ ತಂದೆ ಮೌನಪ್ಪ.

ಮಾನವಿಯ ಆ ಅಕ್ಕಿ ಗಿರಣಿಯ ಗೋದಾಮಿಗೆ ಸಾಲಾಗಿ ಹನ್ನೆರಡು ಕೋಣೆಗಳು. ಬಾಗಿಲುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿ. ಅಕ್ಕಿಗೆ ಹುಳ ಬೀಳದಿರಲೆಂದು ಚೀಲಗಳ ಮೇಲೆ ತಾಡಪತ್ರಿ ಹೊದಿಸಿ, ಅದರಡಿ ವಿಷದ ಗುಳಿಗೆ ಇಟ್ಟು, ವಾರಗಟ್ಟಲೆ ಮುಚ್ಚಿಡುತ್ತಾರೆ. ಗುಳಿಗೆಯಿಂದೇಳುವ ಗಾಳಿಗೆ ಹುಳ ಸಾಯುತ್ತದೆ. ಮನುಷ್ಯನೂ ಸಾಯುತ್ತಾನೆ, ಹುಳಕ್ಕಿಂತ ಸ್ವಲ್ಪ ತಡವಾಗಿ.

ಅವಧಿ ಮುಗಿದು ವಿಷ ಇಳಿದ ಕೋಣೆಯಲ್ಲೂ ಅದೇ ತಾಡಪತ್ರಿ ಹಾಗೆಯೇ ಇರುತ್ತದೆ. ಹೊರಗೆ ನಿಂತವನಿಗೆ ಯಾವ ಬಾಗಿಲ ಹಿಂದೆ ಅಕ್ಕಿ, ಯಾವ ಬಾಗಿಲ ಹಿಂದೆ ಸಾವು ಎಂದು ತಿಳಿಯುವ ಬಗೆಯಿಲ್ಲ.

"ಬಾಗಿಲಿಗೆ ಕೆಂಪು ಬೋರ್ಡು ಇರಬೇಕಿತ್ತಲ್ಲ? ಕೀಲಿ ಯಾಕ ಹಾಕಿರಲಿಲ್ಲ?" ವಿಶಾಖಾ ಹಿಂದೆ ತಿರುಗದೆಯೇ ಕೇಳಿದಳು.

ಗಿರಣಿ ಮಾಲೀಕ ವಿರೂಪಣ್ಣ ಹಣೆಯ ವಿಭೂತಿ ಬೆವರಿಗೆ ಕರಗದಂತೆ ಕರವಸ್ತ್ರ ಒತ್ತಿಕೊಂಡರು. "ಬೋರ್ಡ್ ಅದಾವ್ರೀ ಮೇಡಂ. ಹೊಸಾವು ಹನ್ನೆರಡು ಮಾಡ್ಸೀವಿ. ಸ್ಟೋರಿನ್ಯಾಗ ಅದಾವ."

"ಸ್ಟೋರಿನೊಳಗ ಯಾರಿಗಿ ಎಚ್ಚರಿಕಿ ಕೊಡಾಕತ್ತಾವು? ಇಲಿಗೋಳಿಗೇನು?"

"ತಪಾಸಣಿಗಿ ಯಾರರ ಬಂದಾಗ ಹಚ್ಚತೀವ್ರೀ. ದಿನಾ ಬಿಸಿಲಿಗಿ ಬಿಟ್ರ ಬಣ್ಣ ಹೋಗ್ತದ. ಎಲ್ಲಾ ಕಂಪ್ಯೂಟರ್ ಪಟ್ಟಿ ಪ್ರಕಾರ ನಡೀತದ ನಮ್ಮಲ್ಲಿ. ಎರಡನೇದು ತೆರೀಬ್ಯಾಡ್ರಿ ಅಂತ ಪಟ್ಟಿಯೊಳಗ ಇತ್ತು. ಮೌನಪ್ಪ ನೋಡೇ ತೆಗಿಸ್ಯಾನ. ಮಾವ ಅಳಿಯಗ ಎರಡು ವರ್ಷದಿಂದ ಮಾತಿರಲಿಲ್ಲ. ಇನ್ನೇನು ಬೇಕ್ರೀ ನಿಮಗ?"

ಬಣ್ಣ ಉಳಿಸಲು ಮನುಷ್ಯನನ್ನು ಕಳೆದುಕೊಂಡ ಯಜಮಾನರು ಸಲೀಸಾಗಿ ಕೈ ತೊಳೆದುಕೊಳ್ಳುತ್ತಿದ್ದರು. ಇವರ ಮೇಲೆ ಕೇಸು ಹಾಕುವ ದಿನ ದೂರವಿಲ್ಲ. ಆದರೆ ಇವತ್ತಿನ ತಲೆನೋವು ಬೇರೆ. ಮೌನಪ್ಪನನ್ನು ನಿನ್ನೆ ಸಂಜೆ ನಾಲ್ಕಕ್ಕೆ ಬಂಧಿಸಲಾಗಿತ್ತು. ಇವತ್ತು ನಾಲ್ಕರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅರವತ್ತರ ಆ ಮುದುಕ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಗೊತ್ತಿದ್ದೇ ತೆಗಿಸೀನಿ. ಜಡ್ಜರ ಮುಂದೂ ಅದನ್ನ ಹೇಳ್ತೀನಿ."

ಹಾಗೆಂದರೆ ಕೊಲೆ. ಅವನ ಉಳಿದ ಆಯುಷ್ಯ ಜೈಲಿನಲ್ಲೇ ಮುಗಿಯುತ್ತದೆ.

ತಪ್ಪಿಸಿಕೊಳ್ಳಲು ಸುಳ್ಳು ಹೇಳುವವರನ್ನು ವಿಶಾಖಾ ಬೇಕಾದಷ್ಟು ನೋಡಿದ್ದಳು. ಸಿಕ್ಕಿಹಾಕಿಕೊಳ್ಳಲು ಸುಳ್ಳು ಹೇಳುವವನನ್ನು ನೋಡಿದ್ದು ಇದೇ ಮೊದಲು. ಅದು ಸುಳ್ಳೇ ಎಂದು ಅವಳಿಗೆ ಯಾಕೆ ಅನಿಸಿತ್ತೋ, ಅವಳಿಗೇ ಗೊತ್ತಿರಲಿಲ್ಲ.

"ಮಗಳು ಗೋಪಮ್ಮ ಇವತ್ತೂ ಬಂದಾಳ್ರೀ," ಎಂದ ಮುಷರ್ರಫ್ ತಗ್ಗಿದ ದನಿಯಲ್ಲಿ. "ದೇವದುರ್ಗದಿಂದ ಮೊದಲ ಬಸ್ಸಿಗೇ ಬಂದು ಠಾಣೆ ಮುಂದ ಬೇವಿನ ಗಿಡದ ಬುಡಕ ಕುಂತಾಳ. ಬಿಚಾರಿ, ನೀರು ಕೊಟ್ರೂ ಒಲ್ಲೆ ಅಂತಾಳ. ಒಂದ ಮಾತು ಹಚ್ಯಾಳ, 'ನಮ್ಮಪ್ಪ ಯಾಕ ಮೊದಲ ಒಳಗ ಹೋಗ್ಲಿಲ್ಲ? ಅವ ಹೋಗಬೇಕಾಗಿತ್ತು,' ಅಂತ."

"ಯಾಕ, ಅವನ ಹೋಗಬೇಕಾಗಿತ್ತೇನು?"

"ಹಂಗ ಪದ್ಧತಿ ಅದ್ರೀ. ಬಾಗಿಲು ತೆಗದಮ್ಯಾಲ ಮೊದಲನೇ ಹೆಜ್ಜಿ ಮುಕದ್ದಮಂದು. ಹೊಸ್ತಿಲಿಗಿ ಕೈ ಮುಗದು ಅವ ಒಳಗ ಹೋಗಿ ತಾಡಪತ್ರಿ ಎಳದ ಮ್ಯಾಲನ ಉಳಿದ ಹಮಾಲರು ಹೋಗೋದು."

ಮೌನಪ್ಪ ಇಲ್ಲಿಯ ಹದಿನೆಂಟು ಹಮಾಲರ ಮುಕದ್ದಮ, ಅವರ ಮುಖ್ಯಸ್ಥ. ಇಪ್ಪತ್ತೆರಡು ವರ್ಷಗಳಿಂದ ಅವನು ಹೇಳಿದ ಬಾಗಿಲು ತೆರೆಯುತ್ತಿತ್ತು, ಅವನು ಬೇಡವೆಂದ ಬಾಗಿಲು ಮುಚ್ಚಿರುತ್ತಿತ್ತು. ಅಂಥವನು ಮಂಗಳವಾರ ಮಾತ್ರ ತಾನು ನಿಂತು ಅಳಿಯನನ್ನು ಮುಂದೆ ಕಳಿಸಿದ್ದ. ವಿರೂಪಣ್ಣನ ಕಡೆಯವರಿಗೆ ಈ ಒಂದು ಸಂಗತಿಯೇ ಸಾಕಾಗಿತ್ತು.

*

ಪಟ್ಟಿ ಹಚ್ಚುವುದು ಗಿರಣಿಯ ಆಫೀಸಿನ ಕಟ್ಟೆಯ ಮೇಲೆ. ಆ ಕಟ್ಟೆ ಹತ್ತಲು ಹಮಾಲರಲ್ಲಿ ಒಬ್ಬನಿಗೆ ಮಾತ್ರ ಅಪ್ಪಣೆ, ಅದೂ ಮುಕದ್ದಮನಿಗೆ. ಉಳಿದವರ ಕಾಲ ಧೂಳು ಯಜಮಾನರ ನೆಲಹಾಸಿಗೆ ಆಗಿಬರುವುದಿಲ್ಲ. ಹಾಗಾಗಿ ಹದಿನೆಂಟು ಜನರ ಪರವಾಗಿ ಒಂದೇ ಜೋಡಿ ಕಣ್ಣು ಆ ಪಟ್ಟಿ ನೋಡುತ್ತಿತ್ತು. ಕೃಷ್ಣ ಹತ್ತನೇ ತರಗತಿ ಮುಗಿಸಿದವನು, ಪೇಪರ್ ಓದುವವನು. ಕೆಳಗೇ ನಿಂತಿರುತ್ತಿದ್ದ.

ವಿಶಾಖಾ ಬೂಟುಕಾಲಲ್ಲೇ ಕಟ್ಟೆ ಹತ್ತಿದಳು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಅವಳ ಅಪ್ಪನೂ ಚೀಲ ಹೊತ್ತವನು. ಅಲ್ಲಿಯೂ ಇಂಥದ್ದೇ ಒಂದು ಕಟ್ಟೆ ಇತ್ತು.

ಹಳೆಯ ಪಟ್ಟಿಗಳನ್ನು ಗೋಡೆಯ ಉದ್ದ ಮೊಳೆಗೆ ಚುಚ್ಚಿಟ್ಟಿದ್ದರು. ಒಂದೊಂದಾಗಿ ಬಿಡಿಸಿದಳು. ದಿನಕ್ಕೊಂದು ಹಾಳೆ. ಹಾಳೆಗೆ ಹನ್ನೆರಡು ಗೆರೆ. ಎಡಕ್ಕೆ ಕೋಣೆಯ ಸಂಖ್ಯೆ, ಬಲಕ್ಕೆ ಒಂದು ಗುರುತು: ತೆರೆಯಬಹುದಾದರೆ ಸರಿ ಚಿಹ್ನೆ, ವಿಷವಿದ್ದರೆ ಅಡ್ಡ ಕತ್ತರಿ.

ಪ್ರತಿ ಹಾಳೆಯ ಅಂಚಿನಲ್ಲೂ ಒಂದು ಬಿಳಿ ಬೊಟ್ಟು. ಉಗುರಿನಿಂದ ಕೆರೆದು ನೋಡಿದಳು. ಸುಣ್ಣ. ತಂಬಾಕಿಗೆ ಸುಣ್ಣ ತಿಕ್ಕುವ ಹೆಬ್ಬೆರಳು.

"ಇದು ಮೌನಪ್ಪಂದೇನು?"

"ಹೌದ್ರೀ. ತೆಗೀಬೇಕಾದ ಕೋಣಿ ಮುಂದ ಬೊಟ್ಟು ಇಡ್ತಾನ," ಎಂದಳು ಬಾಗಿಲಲ್ಲಿ ನಿಂತಿದ್ದ ಐಶ್ವರ್ಯ. ವಿರೂಪಣ್ಣನ ಮಗಳು. ಆಫೀಸಿನ ಕಂಪ್ಯೂಟರ್ ಅವಳ ಕೈಯಲ್ಲಿತ್ತು. ಪಟ್ಟಿ ತೆಗೆಯುವ ಪ್ರೋಗ್ರಾಮ್ ಕೂಡ ಅವಳೇ ಬರೆದದ್ದು.

ವಿಶಾಖಾ ಮಂಗಳವಾರದ ಹಾಳೆಯನ್ನು ಫೈಲಿನಿಂದ ತೆಗೆದು ಸೋಮವಾರದ ಹಾಳೆಯ ಪಕ್ಕದಲ್ಲಿಟ್ಟಳು. ಎರಡು ದಿನಗಳಿಂದ ಈ ಹಾಳೆ ಅವಳ ಬಳಿಯೇ ಇತ್ತು. ಹತ್ತು ಸಲ ನೋಡಿದ್ದಳು. ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿರಲಿಲ್ಲ. ಅದಕ್ಕಾಗಿ ತನಗೆ ತಾನೇ ಬೈದುಕೊಂಡಳು.

ಸೋಮವಾರದ ಹಾಳೆಯಲ್ಲಿ ಮೇಲಿನಿಂದ ಕೆಳಗೆ ಹೀಗಿತ್ತು:

001
002
003
004

ಹೀಗೇ 012ರವರೆಗೆ, ಸೈನಿಕರ ಸಾಲಿನ ಹಾಗೆ.

ಮಂಗಳವಾರದ್ದು:

1
10
11
12
2
3

ಆಮೇಲೆ 9ರವರೆಗೆ.

ಸರಿ ಚಿಹ್ನೆ ಒಂದೇ ಒಂದು ಇತ್ತು. ಅದು ಎರಡನೇ ಗೆರೆಯಲ್ಲಿ, 10ರ ಮುಂದೆ. ಐದನೇ ಗೆರೆಯ 2ರ ಮುಂದೆ ಕಪ್ಪಗೆ ಕತ್ತರಿ. ಸುಣ್ಣದ ಬೊಟ್ಟು ಎರಡನೇ ಗೆರೆಯ ಅಂಚಿನಲ್ಲಿತ್ತು.

ಮುದುಕ ಬೊಟ್ಟು ಇಟ್ಟದ್ದು ಸರಿಯಾದ ಜಾಗದಲ್ಲೇ. ತೆರೆಸಬೇಕಾದದ್ದು ಹತ್ತನೇ ಕೋಣೆ. ತೆರೆಸಿದ್ದು ಎರಡನೆಯದು.

"ಈ ಅಂಕಿ ಮುಂದಿನ ಸೊನ್ನಿ ಎಲ್ಲಿ ಹೋದ್ವು?"

ಐಶ್ವರ್ಯಳ ಮುಖದ ಬಣ್ಣ ಇಳಿಯಿತು. ಅಪ್ಪ ಅಂಗಳದಲ್ಲಿದ್ದಾರೋ ಎಂದು ಒಮ್ಮೆ ಇಣುಕಿ ನೋಡಿದಳು.

"ಸೋಮವಾರ ಸಂಜಿಮುಂದ ತೆಗದೆ. ಪ್ರೋಗ್ರಾಮ್‌ನ್ಯಾಗ ಒಂದು ಗೆರಿ ಅಷ್ಟ ಬದಲಿ ಮಾಡಿದ್ದು."

"ಸೊನ್ನಿ ತೆಗದ್ರ ಸಾಲು ಯಾಕ ಹಿಂಗ ಕೆಡ್ತು?"

"ಅದು ಅಂಕಿನ್ನ ಬೆಲಿ ನೋಡಿ ಜೋಡಸಂಗಿಲ್ರೀ, ಅಕ್ಷರ ನೋಡ್ದಂಗ ನೋಡ್ತದ. ಡಿಕ್ಷನರಿ ಇರ್ತದಲ್ರೀ, ಹಂಗ. ಮೊದಲನೇ ಅಕ್ಷರ ಒಂದು ಇದ್ದವೆಲ್ಲ ಒಂದ್ಕಡಿ ಬರ್ತಾವ. ಒಂದು, ಹತ್ತು, ಹನ್ನೊಂದು, ಹನ್ನೆರಡು. ಆಮ್ಯಾಲ ಎರಡು. ಮುಂದ ಸೊನ್ನಿ ತುಂಬಿ ಎಲ್ಲಾವೂ ಮೂರ ಅಂಕಿ ಮಾಡಿದ್ರ ಅಕ್ಷರದ ಲೆಕ್ಕಾನೂ ಅಂಕಿ ಲೆಕ್ಕಾನೂ ಒಂದ ಆಗ್ತದ. ನೋಡಾಕೂ ಒಂದ ಗೆರಿಗಿ ಚಂದ ಕುಂದರ್ತಾವ."

"ಇಷ್ಟು ಗೊತ್ತಿದ್ದಾಕಿ ಯಾಕ ತೆಗದಿ?"

"ನಂಗೂ ಮೊದಲ ಗೊತ್ತಿರಲಿಲ್ರೀ. ನಾಲ್ಕು ವರ್ಷದ ಹಿಂದ ರಾಯಚೂರಾಗ ಕೋರ್ಸ್ ಮಾಡುವಾಗ ಇದನ್ನ ಬರದಿದ್ದೆ. ಸಾಲು ಹಿಂಗ ಕೆಟ್ಟು ಬಂತು. ನನ್ನ ಬಾಜೂಕ ಕುಂದರೂ ಗೆಳತಿ ನೋಡಿ, ಸೊನ್ನಿ ತುಂಬು ಅಂತ ಹೇಳಿಕೊಟ್ಳು. ಮೊನ್ನಿ ತೆಗಿಯುವಾಗ ಅದು ನೆನಪಿಗಿ ಬರಲಿಲ್ಲ." ಅವಳ ಕಣ್ಣು ತುಂಬಿತು. "ಸಾಲು ಕೆಟ್ರೇನಾತು, ಅಂಕಿ ಅಂಕೀನ ಅಲ್ರೀ? ಹತ್ತರ ಮುಂದ ಹತ್ತಂತ ಅದ, ಎರಡರ ಮುಂದ ಎರಡಂತ ಅದ. ಓದಿದ್ರ ಮುಗೀತಲ್ರೀ?"

ಓದಿದರೆ ಮುಗಿಯಿತು.

ವಿಶಾಖಾ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಹಳೆಯ ಹಾಳೆಗಳ ಕಟ್ಟನ್ನೆಲ್ಲ ಮೊಳೆಯಿಂದ ಕಿತ್ತು ಬಗಲಿಗೆ ಸೇರಿಸಿದಳು.

"ತೆಗೀಯಂತ ನಿಂಗ ಹೇಳಿದವರು ಯಾರು?"

"ಐಶೂ!" ಅಂಗಳದಿಂದ ವಿರೂಪಣ್ಣನ ದನಿ ಬಂತು. "ಚಾ ಕಳಸಂತ ಹೇಳಿ ಎಷ್ಟೊತ್ತಾತು?"

ಹುಡುಗಿ ತುಟಿ ಕಚ್ಚಿಕೊಂಡು ಒಳಗೆ ಸರಿದಳು. ಎಳೆದು ಕೂರಿಸಿ ಕೇಳಬಹುದಿತ್ತು. ಆದರೆ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ವಿಶಾಖಾ ಜೀಪಿನ ಕಡೆ ನಡೆದಳು. ಆ ಗೆಳತಿಯ ಹೆಸರು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

*

ಠಾಣೆಯ ಮೂಲೆಯ ಕೋಣೆಯಲ್ಲಿ ಮೌನಪ್ಪ ನೆಲದ ಮೇಲೆ ಕೂತಿದ್ದ. ಕುರ್ಚಿ ಕೊಟ್ಟರೆ ಬೇಡವೆಂದಿದ್ದ. ಚೀಲ ಹೊತ್ತು ಹೊತ್ತು ಕುತ್ತಿಗೆಯ ಹಿಂದೆ ಗಂಟು ಕಟ್ಟಿದ್ದ ಮಾಂಸ ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ಅಪ್ಪನಿಗೂ ಅಲ್ಲೇ ಅಂಥದ್ದೇ ಗಂಟು ಇತ್ತು ಎಂದು ವಿಶಾಖಾಳಿಗೆ ನೆನಪಾಯಿತು. ನೆನಪಾಗಬಾರದ ಹೊತ್ತಿನಲ್ಲಿ.

ಅವಳೂ ನೆಲದ ಮೇಲೆ ಕೂತಳು. ಎರಡು ಹಾಳೆ ಅವನ ಮುಂದೆ ಹಾಸಿದಳು.

"ಯಪ್ಪಾ, ನಿಂದು ಓದು ಎಷ್ಟಾಗ್ಯದ?"

"ಏಳನೇತ್ತ ಪಾಸು." ಉತ್ತರ ಗಂಟಲಲ್ಲೇ ಕಾದು ಕೂತಿದ್ದಂತೆ ಬಂತು.

"ಹಂಗಾರ ಈ ಹಾಳಿಯೊಳಗ ಎರಡನೇ ಕೋಣಿ ಎಲ್ಲದ, ತೋರ್ಸು."

ಮೌನಪ್ಪ ಸೋಮವಾರದ ಹಾಳೆಯ ಮೇಲೆ ಹೆಬ್ಬೆರಳಿಟ್ಟ. ಒಂದು, ಎರಡು. ತುಟಿ ಅಲುಗಿದ್ದು ಅವಳಿಗೆ ಕಂಡಿತು. 002ರ ಮೇಲೆ ಬೆರಳು ನಿಂತಿತು. ಸರಿ.

"ಇದರೊಳಗ?"

ಮಂಗಳವಾರದ ಹಾಳೆ. ಒಂದು, ಎರಡು. ಬೆರಳು 10ರ ಮೇಲೆ ನಿಂತಿತು.

"ಒಂಬತ್ತನೇದು?"

ಬೆರಳು ಇಳಿಯುತ್ತ ಹೋಗಿ ಒಂಬತ್ತನೇ ಗೆರೆಯಲ್ಲಿ ನಿಂತಿತು. ಅಲ್ಲಿ 6 ಎಂದಿತ್ತು.

ಮುದುಕ ನಿಧಾನವಾಗಿ ಬೆರಳು ಎತ್ತಿಕೊಂಡು ಮುಷ್ಟಿ ಕಟ್ಟಿದ. ಸಿಕ್ಕಿಬಿದ್ದೆನೆಂದು ಅವನಿಗೆ ಗೊತ್ತಾಗಿತ್ತು.

"ಗೆರಿ ಎಣಸ್ತಿ," ಎಂದಳು ವಿಶಾಖಾ. "ಎರಡನೇ ಗೆರಿ ಅಂದ್ರ ಎರಡನೇ ಬಾಗಿಲು. ಇಪ್ಪತ್ತೆರಡು ವರ್ಷ ಇದ ಮಾಡೀ ಏನು?"

"ಮೊದಲ ಕಂಪ್ಯೂಟರ್ ಇರಲಿಲ್ಲವ್ವಾ. ಗುಮಾಸ್ತ ಬಾಯಿಲೇ ಹೇಳ್ತಿದ್ದ. ನಾಕು ವರ್ಷದಿಂದ ಹಿಂಗ."

"ನೋಟು ಎಣಸ್ತಿ. ಮೊಬೈಲ್ ಹಚ್ಚತಿ. ಅಂಕಿ ಬರಂಗಿಲ್ಲಂದ್ರ ಹ್ಯಾಂಗ ನಂಬಲಿ?"

"ನೋಟಿಗಿ ಬಣ್ಣ ಅದಾವ. ಮೊಬೈಲ್‌ನ್ಯಾಗ ಮಗಳು ಗೋಪಿ ಎಲ್ಲಾರ ಫೋಟೊ ಹಾಕಿಕೊಟ್ಟಾಳ, ಮಾರಿ ನೋಡಿ ಒತ್ತತೀನಿ." ಅವನು ಹಾಳೆಗಳತ್ತ ಕೈ ಮಾಡಿದ. "ಕಲೀಬೇಕಂತ ಕುಂತೀನವ್ವಾ, ಕುಂತಿಲ್ಲಂತಲ್ಲ. ಒತ್ತಿ ಒತ್ತಿ ಕಲಿಸಿದ್ರೂ ಮರುದಿನಕ ಎಲ್ಲಾ ಗೆರಿ ಒಂದ ಥರ ಕಾಣಸ್ತಾವ. ನನ್ನ ತಲೀನ ಹಂಗದ."

ವಿಶಾಖಾಳಿಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು. "ಹಂಗಾರ ಇದನ್ನ ಹೇಳು! ಓದಾಕ ಬರ್ತಿರಲಿಲ್ಲ, ಗೆರಿ ತಪ್ಪಿತು ಅಂತ ಒಂದ ಮಾತು ಹೇಳಿದ್ರ ಕೊಲಿ ಕೇಸು ನಿಂದರಂಗಿಲ್ಲ. ಗೊತ್ತಿದ್ದೇ ತೆಗಿಸೀನಂತ ಯಾಕ ಊರಿಗೆಲ್ಲಾ ಸಾರಾಕತ್ತೀ?"

"ಹದಿನೆಂಟು ಮಂದಿ ನನ್ನ ಮಾತಿನಮ್ಯಾಲ ಜೀವ ಇಟ್ಟು ಒಳಗ ಹೋಗ್ಯಾರ. ಕುರುಡನ ಹಿಂದ ಹೊಂಟಿದ್ವಿ ಅಂತ ಈಗ ಅವರಿಗಿ ಹೇಳಲೇನು? ಕೊಲಿಗಾರ ಅಂದ್ರ ಮಂದಿ ಅಂಜತಾರ, ಬೈತಾರ. ಇದನ್ನ ಕೇಳಿದ್ರ ನಗ್ತಾರ." ಮೌನಪ್ಪ ತಲೆಯೆತ್ತಿದ. "ಮತ್ತ ನಾ ಸುಳ್ಳು ಹೇಳಾಕತ್ತಿಲ್ಲ. ಗೊತ್ತಿತ್ತು ನಂಗ."

"ಏನು ಗೊತ್ತಿತ್ತು?"

"ಅವತ್ತು ಹಾಳಿ ಬ್ಯಾರೆ ಥರ ಇತ್ತು. ದಿನಾ ಎಲ್ಲಾ ಗೆರಿ ಒಂದ ಅಳತಿ ಇರ್ತಾವ. ಅವತ್ತು ಒಂದು ಸಣ್ಣದು, ಒಂದು ದೊಡ್ಡದು. ನೋಡಿದೆ. ಎದಿ ಝಲ್ಲಂತು. ಐಶ್ವರ್ಯಾಬಾಯಿ ಒಳಗ ಕುಂತಿದ್ಳು. 'ಯವ್ವಾ, ಇದೇನು ಬದಲಿ ಆಗ್ಯದ' ಅಂತ ಕೇಳಿದ್ರ ಆಗ್ತಿತ್ತು. ಕೇಳಿದ್ರ, ನೀನ ಓದ್ಕೋ ಮೌನಪ್ಪಾ, ಅಂತಿದ್ಳು." ಮುದುಕ ಅಂಗೈಯಿಂದ ಮುಖ ಒರೆಸಿಕೊಂಡ. "ಕೇಳಲಿಲ್ಲ. ಒಂದು ಮಾತು ಕೇಳಾಕ ನಾಚಿ ಹುಡುಗನ್ನ ಕೊಂದೆ. ಗೊತ್ತಿದ್ದೇ ಕೊಂದಂಗ ಅಲ್ಲೇನು? ಹೇಳು, ನೀ ಓದಿದಾಕಿ ಇದ್ದಿ."

ವಿಶಾಖಾಳ ಕಣ್ಣು ಅವನ ಹೆಬ್ಬೆರಳ ಮೇಲೆ ಹೋಯಿತು.

ಅವಳು ಆರನೇ ತರಗತಿಯಲ್ಲಿದ್ದಾಗ ಶಾಲೆಯ ದಾಖಲೆಗೆ ಸಹಿ ಹಾಕಲು ಅಪ್ಪ ಬಂದಿದ್ದ. ಎಲ್ಲರೆದುರು ಹೆಬ್ಬೆಟ್ಟು ಒತ್ತಿದ್ದ. ಇಡೀ ದಾರಿ ಅವಳು ಅಪ್ಪನಿಂದ ಹತ್ತು ಹೆಜ್ಜೆ ಹಿಂದೆ ನಡೆದು ಮನೆಗೆ ಬಂದಿದ್ದಳು. ಅಪ್ಪ ಒಮ್ಮೆಯೂ ತಿರುಗಿ ನೋಡಿರಲಿಲ್ಲ, ಅವಳು ಯಾಕೆ ಹಿಂದೆ ಬರುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಕ್ಷಮೆ ಕೇಳುವುದರೊಳಗೆ ಅವನು ತೀರಿಹೋದ. ಮೌನಪ್ಪನ ಹಟದ ಮೇಲೆ ಬಂದ ಸಿಟ್ಟು ಈಗ ಅವಳ ಮೇಲೆಯೇ ತಿರುಗಿತು.

"ಮೊದಲನೇ ಹೆಜ್ಜಿ ನಿಂದು," ಎಂದಳು. "ಅವತ್ತು ಕೃಷ್ಣನ್ನ ಯಾಕ ಮುಂದ ಬಿಟ್ಟಿ?"

ಮೌನಪ್ಪ ಹಾಳೆಗಳನ್ನು ಅವಳ ಕಡೆ ಸರಿಸಿದ.

"ನಾ ಚೀಲ ಹೊತ್ತು ಮಗಳಿಗಿ ಕಂಪ್ಯೂಟರ್ ಕಲಿಸಿದೆ. ಆಕಿ ಹೋಗಿ ಮತ್ತ ಚೀಲ ಹೊರಾವನ್ನ ಲಗ್ನ ಆದ್ಳು. ಎರಡು ವರ್ಷ ಮಾರಿ ನೋಡಲಿಲ್ಲ. ಹೋದ ವರ್ಷ ಆಕಿ ಕೂಸು ತೀರ್ಕೊಂಡ್ತು. ಐದು ತಿಂಗಳ ಕೂಸು. ದೇವದುರ್ಗಕ್ಕ ಬಾ ಅಂತ ನಾಕು ಸಲ ಹೇಳಿ ಕಳಿಸಿದ್ಳು. ಮಣ್ಣಿಗೂ ಹೋಗಲಿಲ್ಲ ನಾ. ಅಂಥಾ ಹಾಳು ಸೊಕ್ಕು."

"ಆಮ್ಯಾಲ?"

"ಒಳಗೊಳಗ ಕೊರೀಲಿಕ್ಕೆ ಹತ್ತಿತ್ತು. ಮಂಗಳಾರ ಮುಂಜಾನಿ ಅವ ಒಬ್ಬನ ನಳದ ಹತ್ರ ನಿಂತಿದ್ದ. ಹೋಗಿ ಮಾತಾಡಿಸಿದೆ. 'ಗೋಪಿನ್ನ ಕರಕೊಂಡು ಮನಿಗಿ ಬಾರಲೇ,' ಅಂದೆ. ಅತ್ತುಬಿಟ್ಟ ಹುಡುಗ. ನನ್ನಿಂದ ಮುಕದ್ದಮಕಿ ಆತು, ನನ್ನ ಹಿಂದ ನೀನ ಮಾಡಂತ ಹೇಳಿ, ಬಾಗಿಲು ತೆಗದಮ್ಯಾಲ ಅವನ ಬೆನ್ನಿಗಿ ಕೈ ಹಚ್ಚಿ ಮುಂದ ಮಾಡಿದೆ. ಎಲ್ಲಾರ ಮುಂದ. ಮರ್ಯಾದಿ ಅದು ನಮ್ಮಲ್ಲಿ." ಮುದುಕ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. "ಈ ಕೈಲೇ ನೂಕಿದಂಗಾತು."

"ಇದು ಗೋಪಮ್ಮಗ ಗೊತ್ತೇನು?"

"ಎಲ್ಲಿಂದ ಗೊತ್ತಾಗಬೇಕು? ಮಾತಾಡಿ ಅರ್ಧ ತಾಸು ಆಗಿರಲಿಲ್ಲ, ಅವನು ಬಿದ್ದ." ಅವನು ವಿಶಾಖಾಳ ಕೈ ಹಿಡಿದುಕೊಂಡ. ಸುಣ್ಣ ತಿಂದ ಹೆಬ್ಬೆರಳು ಕಲ್ಲಿನಂತೆ ಒರಟಾಗಿತ್ತು. "ಜೈಲಿಗಿ ಹಾಕವ್ವಾ, ಬ್ಯಾಡನ್ನಂಗಿಲ್ಲ. ಆದ್ರ ಆಕಿಗಿ ಇದೊಂದು ಹೇಳು. ಸಿಟ್ಟಿನಿಂದ ಮುಂದ ಕಳಸಿದ್ದಲ್ಲ, ಪ್ರೀತಿಲೇ ಕಳಸಿದ್ದಂತ ಹೇಳು. ನೀ ಹೇಳಿದ್ರ ನಂಬ್ತಾಳ. ನನ್ನ ಮಗಳು ನನ್ನ ಕೊಲಿಗಾರ ಅಂತ ತಿಳಕೊಂಡು ಬಾಳಬಾರದು. ಇಷ್ಟ ನಂಗ ಬೇಕಾದ್ದು."

ವಿಶಾಖಾ ಹಾಳೆಗಳನ್ನು ಎತ್ತಿಕೊಂಡಳು. ಉತ್ತರ ಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಸೊನ್ನೆ ತೆಗೆಸಿದವರಿಗೆ ಮುದುಕ ಗೆರೆ ತಪ್ಪುತ್ತಾನೆಂದು ಗೊತ್ತಿರಬೇಕಾದರೆ, ಅವನಿಗೆ ಓದು ಬಾರದೆಂಬುದು ಗೊತ್ತಿರಬೇಕು.

"ನಿಂಗ ಓದಾಕ ಬರಂಗಿಲ್ಲಂತ ಯಾರ್ಯಾರಿಗಿ ಗೊತ್ತದ?"

"ಒಬ್ಬರಿಗೂ ಇಲ್ಲ. ನನ್ನ ಹೆಂಡ್ತಿಗೂ ಗೊತ್ತಿಲ್ಲದ ಸತ್ತಳು." ಆಮೇಲೆ, ಮೂರು ದಿನಗಳಲ್ಲಿ ಮೊದಲ ಸಲ, ಅವನ ಮುಖದ ಮೇಲೆ ನಗುವಿನ ಹತ್ತಿರದ್ದೇನೋ ಸುಳಿಯಿತು. "ಗೋಪಿ ಒಬ್ಬಾಕಿಗಿ ಗೊತ್ತು. ಮೂರನೇತ್ತದಾಗ ಇದ್ದಾಗ ಸಾಲಿ ಮಾರ್ಕ್ಸ್ ಕಾರ್ಡ್ ತಂದು ಕೊಟ್ಟಿದ್ಳು. ನಾ ಬಾಯಿಗಿ ಬಂದಂಗ ಓದಿದೆ. ಸುಮ್ಮನ ನನ್ನ ಮಾರಿ ನೋಡಿದ್ಳು. ಅವತ್ತಿಂದ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ ನನ್ನ ಬಂಗಾರ. ನಾಕು ವರ್ಷದ ಹಿಂದ ಕಂಪ್ಯೂಟರ್ ಪಟ್ಟಿ ಬಂತು, ನಾ ಕೆಟ್ಟೆ ಅಂತ ಕುಂತಿದ್ದೆ. 'ಯಪ್ಪಾ, ಅಂಜಬ್ಯಾಡ, ಸಾಲು ಸರಿಯಾಗಿ ಬರೂಹಂಗ ನಾ ನೋಡ್ಕೊಳ್ತೀನಿ, ನೀ ಗೆರಿ ಎಣಸು ಸಾಕು,' ಅಂತ ಆಕಿನ ಕಲಿಸಿದ್ದು."

ವಿಶಾಖಾ ಸೋಮವಾರದ ಹಾಳೆಯ ಸೊನ್ನೆಗಳನ್ನು ಮತ್ತೊಮ್ಮೆ ನೋಡಿದಳು.

*

ಹೊರಗೆ ಬಂದಾಗ ಮೂರು ಹೊಡೆದಿತ್ತು. ಮೊಬೈಲ್ ಕಿಸೆಯಲ್ಲಿ ಎರಡು ಸಲ ಅಲುಗಿತು. ಐಶ್ವರ್ಯ ಕಳಿಸಿದ್ದಳು. ಮೊದಲು ಬರಹ:

'ಮೇಡಂ, ಅಪ್ಪ ಬಾಯಿ ಬಿಡಬ್ಯಾಡ ಅಂದಾರ. ನಂಗ ನಿದ್ದಿ ಇಲ್ಲ. ಸೋಮವಾರ ಸಂಜಿ ಐದಕ್ಕ ಬಂದದ್ದು ಇದು. ಸೊನ್ನಿ ತುಂಬೋದು ಹೇಳಿಕೊಟ್ಟ ಗೆಳತಿನೂ ಈಕಿನ.'

ಕೆಳಗೆ ಒಂದು ಧ್ವನಿ ಸಂದೇಶ. ವಿಶಾಖಾ ಮೊಬೈಲನ್ನು ಕಿವಿಗೆ ಒತ್ತಿಕೊಂಡಳು.

"ಐಶೂ, ನಾನು ಗೋಪಿ. ಆರಾಮ ಅದೀ? ಒಂದು ಸಣ್ಣ ಕೆಲಸ ಇತ್ತು. ಪಟ್ಟಿಯೊಳಗ ಅಂಕಿ ಮುಂದ ಸೊನ್ನಿ ಹಾಕಿದ್ವಲ್ಲ, ಅವನ್ನ ತೆಗದುಬಿಡು. ನಮ್ಮಪ್ಪಗ ಕಣ್ಣು ಮಂಜಾಗ್ಯಾವ. ಅಷ್ಟು ಸೊನ್ನಿ ಇದ್ರ ಓದಾಕ ತ್ರಾಸ ಆಗ್ತದಂತ. ನಾ ಹೇಳೀನಂತ ಹೇಳಬ್ಯಾಡ, ನಮ್ಮ ಮ್ಯಾಲ ಸಿಟ್ಟದ ಅವಗ. ನಾಳಿ ಪಟ್ಟಿಗೇ ಮಾಡು, ಹಾಂ?"

ದನಿ ಮೆತ್ತಗಿತ್ತು. ಅಪ್ಪನ ಕಣ್ಣಿನ ಚಿಂತೆ ಮಾಡುವ ಮಗಳ ದನಿ. ಕೋರ್ಟಿನಲ್ಲಿ ಕೇಳಿಸಿದರೆ ಯಾರಿಗಾದರೂ ಕರುಳು ಚುರ್ ಎನ್ನಬೇಕು.

ವಿಶಾಖಾ ಇನ್ನೊಮ್ಮೆ ಕೇಳಿದಳು. ಓದಾಕ ತ್ರಾಸ ಆಗ್ತದಂತ. ಒಂದಕ್ಷರ ಬಾರದ ಅಪ್ಪನ ಬಗ್ಗೆ, ಅದು ಗೊತ್ತಿದ್ದ ಒಬ್ಬಳೇ ಮಗಳು ಆಡಿದ ಮಾತು. ಸೊನ್ನೆ ತೆಗೆದರೆ ಸಾಲು ಹೇಗೆ ಕೆಡುತ್ತದೆಂದು ಗೊತ್ತಿದ್ದವಳೂ ಅವಳೇ. ಬಾಗಿಲು ತೆರೆದ ಮೇಲೆ ಮೊದಲನೇ ಹೆಜ್ಜೆ ಯಾರದೆಂದು ಚಿಕ್ಕಂದಿನಿಂದ ಬಲ್ಲವಳು. ಕೂಸಿನ ಮಣ್ಣಿಗೂ ಬಾರದ ಅಪ್ಪನನ್ನು ನಾಲ್ಕು ಸಲ ಕರೆದು ಸೋತವಳು.

ಬೇವಿನ ಗಿಡದ ಬುಡದಿಂದ ಗೋಪಮ್ಮ ಎದ್ದು ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬರಿ ಹಣೆ, ಬರಿಗೈ, ಒಣಗಿದ ತುಟಿ.

"ಏನಂತಾನ್ರೀ ನಮ್ಮಪ್ಪ?"

ವಿಶಾಖಾ ಅವಳ ಕಣ್ಣುಗಳನ್ನೇ ನೋಡಿದಳು. ಮುದುಕನಿಗೆ ಕೊಟ್ಟ ಮಾತು ಉಳಿದಿತ್ತು. ಕೊಡದೆಯೇ ಕೊಟ್ಟ ಮಾತು.

"ಮಂಗಳವಾರ ಮುಂಜಾನೆ ನಿಮ್ಮಪ್ಪ ನಿನ್ನ ಗಂಡನ ಕೂಡ ಮಾತಾಡಿದ್ದ. ನಿಮ್ಮನ್ನಿಬ್ಬರನ್ನೂ ಮನಿಗಿ ಕರದಿದ್ದ. ತನ್ನ ಹಿಂದ ಮುಕದ್ದಮಕಿ ಅವಗ ಬಿಡ್ತೀನಂತ ಹೇಳಿ, ಮರ್ಯಾದಿ ಮಾಡಿ ಮೊದಲನೇ ಹೆಜ್ಜಿ ಕೊಟ್ಟಿದ್ದ. ಅದಕ್ಕ ಕೃಷ್ಣ ಮುಂದ ಹೋದ."

ಗೋಪಮ್ಮ ಅರ್ಥವಾಗದವಳಂತೆ ನಿಂತಳು. ತುಟಿ ಏನನ್ನೋ ಎಣಿಸುವಂತೆ ಅಲುಗಿತು, ಒಳಗೆ ಅವಳಪ್ಪನ ತುಟಿ ಅಲುಗಿದ ಹಾಗೆಯೇ. ಆಮೇಲೆ ಅವಳ ಬಾಯಿಂದ ಅಳುವೂ ಅಲ್ಲದ, ಮಾತೂ ಅಲ್ಲದ ಒಂದು ಸದ್ದು ಹೊರಟಿತು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

"ಮಾತಾಡಿದ್ನಾ?" ಎಂದಳು. "ನಮ್ಮಪ್ಪ... ಮಾತಾಡಿದ್ನಾ?"

ಒಳಗಿನ ಕಿಟಕಿಯಿಂದ ಮೌನಪ್ಪ ನೋಡುತ್ತಿದ್ದ. ಮಗಳು ಅಳುವುದನ್ನು ಕಂಡು, ತನ್ನನ್ನು ನಂಬಿದಳೆಂದು ತಿಳಿದು, ಸರಳುಗಳ ನಡುವಿನಿಂದ ವಿಶಾಖಾಳಿಗೆ ಕೈ ಮುಗಿದ.

ಮುಷರ್ರಫ್ ಜೀಪಿನ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದ.

"ಮೇಡಂ, ಮೂರೂಕಾಲು ಆತು. ಜಡ್ಜ್ ಸಾಹೇಬರು ನಾಕಕ್ಕ ಏಳ್ತಾರ. ಕರಕೊಂಡು ಬರ್ಲೇನ್ರೀ?"

ವಿಶಾಖಾ ಮೊಬೈಲನ್ನು ಕಿಸೆಗೆ ಹಾಕಲಿಲ್ಲ.

"ಯಾರನ್ನ?" ಎಂದಳು.